ರಸ್ತೆಗೆ ಬೆನ್ನು ಹಾಕಿದ ತಂಗುದಾಣವನ್ನು ಹಾಗೇ ಬಿಡಿ

ಗ್ರಾಮ ಕಚೇರಿಯ ಕಾಮಗಾರಿ ವಿಭಾಗದ ಎಂಜಿನಿಯರ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಮನೆಮಂದಿಯೂ, ತಮ್ಮ ಮೇಜಿನ ಮೇಲಿನ ಕಡತಗಳೂ, ಆ ಕಡತಗಳ ಮೇಲೆ ಹಗಲಿಡೀ ಮಲಗಿರುವ ಕಚೇರಿಯ ಬೆಕ್ಕೂ ಸುಖವಾಗಿದ್ದೀರೆಂದು ನಂಬಿ, ಬಸ್ ತಂಗುದಾಣದ ಹಿಂದಿನ ಮನೆಯಲ್ಲಿದ್ದು, ತಾವು ಅದನ್ನು ಕಟ್ಟಿಸಿದ ರೀತಿಯಿಂದಾಗಿ ಈಗ ಮುಂದಿನ ಮನೆಯವಳಾಗಿರುವ ಹೊಲಿಗೆಯವಳು ಕೈಮುಗಿದು ಬರೆದುಕೊಳ್ಳುವ ದೂರು ಇದು.

ದೂರು ಎಂದ ಕೂಡಲೇ ತಾವು ಗಾಬರಿಯಾಗಬಾರದು. ತಾವು ತಪ್ಪು ಮಾಡಿದ್ದೀರೆಂದು ದೂರುವವರು ಊರ ತುಂಬ ಇದ್ದಾರೆ, ನಾನು ಆ ಗುಂಪಿನವಳಲ್ಲ. ಮಾಡಿದ ತಪ್ಪನ್ನು ತಾವು ತಿದ್ದಲು ಹೊರಟಿದ್ದೀರಿ ಎಂಬುದೇ ನನ್ನ ದೂರು. ಮೊನ್ನೆ ಕಚೇರಿಯ ಮುಂದಿನ ಫಲಕದಲ್ಲಿ ಅಂಟಿಸಿದ ಪ್ರಕಟಣೆಯ ಪ್ರಕಾರ, ಬರುವ ಬುಧವಾರ ತಂಗುದಾಣದ ತೆರೆದ ಬದಿಗೆ ಸೂರಿನವರೆಗೆ ಗೋಡೆ ಎಬ್ಬಿಸಿ, ರಸ್ತೆಯ ಬದಿಯ ಗೋಡೆಯನ್ನು ಒಡೆದು, ಕಟ್ಟಡದ ಮುಖವನ್ನು ಸರಿಯಾದ ದಿಕ್ಕಿಗೆ ತರಲಾಗುವುದಂತೆ. ಆ ಗೋಡೆ ಎದ್ದರೆ ನನ್ನ ಅತ್ತೆಯ ಬಾಯಿ ಮತ್ತೆ ಮುಚ್ಚಿಹೋಗುತ್ತದೆ. ಇದನ್ನು ಸೊಸೆಯೊಬ್ಬಳು ದೂರಾಗಿ ಬರೆಯುತ್ತಿರುವುದು ಲೋಕದಲ್ಲಿ ಇದೇ ಮೊದಲಿರಬಹುದು, ಆದ್ದರಿಂದ ದಯವಿಟ್ಟು ಕೊನೆಯವರೆಗೂ ಓದಬೇಕು.

ತಮ್ಮ ಫಲಕವನ್ನು ಹೊಗಳದೆ ಮುಂದಕ್ಕೆ ಹೋಗುವುದು ಸರಿಯಲ್ಲ. ಊರಿನಲ್ಲಿ ಏನೂ ಆಗದಿದ್ದರೂ ಪ್ರತಿ ಸೋಮವಾರ ಆ ಫಲಕದಲ್ಲಿ ಎಲ್ಲವೂ ಆಗಿರುತ್ತದೆ. ಚರಂಡಿ ಕಾಮಗಾರಿ ಭರದಿಂದ ಸಾಗುತ್ತಿದೆ ಎಂದು ಓದಿ ಹೋಗಿ ನೋಡಿದರೆ, ಅಲ್ಲಿ ಭರದಿಂದ ಸಾಗುತ್ತಿರುವುದು ಚರಂಡಿಯ ನೀರು, ಅದೂ ರಸ್ತೆಯ ಮೇಲೆ. ನೀರಿನ ತೊಟ್ಟಿ ಸಂಪೂರ್ಣಗೊಂಡಿದೆ, ನೀರಿನ ಭಾಗ ಮಾತ್ರ ಬಾಕಿಯಿದೆ ಎಂಬ ಪ್ರಕಟಣೆಯನ್ನಂತೂ ನಮ್ಮ ಮನೆಯವರು ಬಾಯಿಪಾಠ ಮಾಡಿಕೊಂಡು, ನಾನು ಸಾಮಾನು ತಂದಿರಾ ಎಂದು ಕೇಳಿದಾಗಲೆಲ್ಲ, ಅಂಗಡಿಗೆ ಹೋಗಿ ಬರುವ ಕೆಲಸ ಸಂಪೂರ್ಣಗೊಂಡಿದೆ, ಸಾಮಾನಿನ ಭಾಗ ಮಾತ್ರ ಬಾಕಿಯಿದೆ ಎಂದು ಉತ್ತರಿಸುತ್ತಾರೆ. ಇಂಥ ಕಚೇರಿಯು ಒಂದು ಗೋಡೆ ಒಡೆಯುವುದಕ್ಕೆ ದಿನ ಗೊತ್ತುಮಾಡಿ, ಹೇಳಿದ ದಿನಕ್ಕೆ ಮೊದಲೇ ಇಟ್ಟಿಗೆಯನ್ನೂ ಇಳಿಸಿದ್ದು ಕಂಡು ಊರಿಗೆ ಊರೇ ಬೆರಗಾಗಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ತಂಗುದಾಣ ರಸ್ತೆಗೆ ಬೆನ್ನು ಹಾಕಿದ್ದು ಹೇಗೆ ಎಂಬುದನ್ನು, ಅಡಿಗಲ್ಲು ಇಟ್ಟ ದಿನ ತಾವು ರಜೆಯಲ್ಲಿದ್ದುದರಿಂದ, ಕಿಟಕಿಯಲ್ಲೇ ನಿಂತು ಕಂಡ ನಾನು ಅರಿಕೆ ಮಾಡಿಕೊಳ್ಳುತ್ತೇನೆ. ಅಧ್ಯಕ್ಷರು ಪಾಪ, ರಸ್ತೆಯ ಕಡೆಗೇ ಮುಖ ಮಾಡಿ ನಿಂತಿದ್ದರು. ಫೋಟೋದವನು “ಮುಖ ಕಪ್ಪಗೆ ಬರುತ್ತೆ ಸಾರ್, ಸ್ವಲ್ಪ ಬಿಸಿಲಿನ ಕಡೆ ತಿರುಗಿ” ಎಂದ. ಬೆಳಗಿನ ಬಿಸಿಲು ನಮ್ಮ ಮನೆಯ ಕಡೆಯಿಂದ ಬರುತ್ತಿತ್ತು, ಅಧ್ಯಕ್ಷರು ತಿರುಗಿದರು. ಅಧ್ಯಕ್ಷರೇ ತಿರುಗಿದ ಮೇಲೆ ಕಲ್ಲು ತಿರುಗದೆ ಇದ್ದೀತೇ, ಅವರ ಹೆಸರು ಕೆತ್ತಿದ ಬದಿಯೂ ನಮ್ಮ ಕಿಟಕಿಗೆ ಎದುರಾಯಿತು. ಮಾರನೆಯ ದಿನ ಬಂದ ಮೇಸ್ತ್ರಿಗೆ ನಾನು, ಬಸ್ಸು ಓಡುವುದು ಆ ಕಡೆ ಅಲ್ಲವೇ ಎಂದು ಜ್ಞಾಪಿಸಿದೆ. “ಕಲ್ಲಿನ ಮುಖ ಯಾವ ಕಡೆಗೋ ಕಟ್ಟಡದ ಮುಖ ಆ ಕಡೆಗೆ ತಾಯಿ, ಅಧ್ಯಕ್ಷರ ಹೆಸರನ್ನ ಹಿಂದಕ್ಕೆ ಹಾಕಿ ನಾನು ಇನ್ನೊಂದು ಕೆಲಸ ಹಿಡಿಯೋದುಂಟಾ” ಎಂದು ಅವರು ಹಾರೆ ಎತ್ತಿಕೊಂಡರು. ಹೀಗೆ ಬಸ್ಸಿನ ಮೇಲೆ ಮುನಿಸಿಕೊಂಡು ಗೋಡೆಯ ಕಡೆ ತಿರುಗಿ ಕೂತ ತಂಗುದಾಣ ನಮ್ಮ ಪಾಲಿಗೆ ಬಂತು.

ಅದರ ಬೆಂಚಿಗೂ ನಮ್ಮ ಕಿಟಕಿಗೂ ನಡುವೆ ಒಂದು ಕೈಗಾಡಿ ಹೋಗುವಷ್ಟು ಜಾಗ. ಕಿಟಕಿಯ ಬಲಕ್ಕೆ ನನ್ನ ಹೊಲಿಗೆ ಯಂತ್ರ, ಎಡಕ್ಕೆ ಅತ್ತೆಯ ಕುರ್ಚಿ, ಅದರ ಹಿಂದೆ ನೇರವಾಗಿ ಅಡುಗೆಮನೆಯ ಬಾಗಿಲು. ಹಾಗಾಗಿ ಬಸ್ಸು ಕಾಣದ ಪ್ರಯಾಣಿಕರಿಗೆ ನಮ್ಮ ಸಂಸಾರ ಮಾತ್ರ ಚೆನ್ನಾಗಿ ಕಾಣುತ್ತದೆ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು, ಸುಳ್ಳು ಹೇಳಲಾರೆ. ನಾನು ಸೂಜಿಗೆ ದಾರ ಪೋಣಿಸುವಾಗ ಎದುರಿಗೆ ಕೂತ ಐದಾರು ಜನ ಉಸಿರು ಬಿಗಿಹಿಡಿದು ನೋಡಿ, ದಾರ ಹೋದ ಕೂಡಲೇ ಒಟ್ಟಿಗೇ ಉಸಿರು ಬಿಡುವುದು. “ಹಾಲು ಉಕ್ತಾ ಇದೆ ಅಕ್ಕಾ” ಎಂದು ಎಚ್ಚರಿಸುವುದು. ಹಾಲಿನ ಡೈರಿಯ ಗುಮಾಸ್ತರಂತೂ, ಇಡೀ ಊರು ಗಡಿಯಾರ ಎಂದು ಕರೆಯುವ ಆ ಮಹನೀಯರು, ನನ್ನ ಕೈಯಲ್ಲಿದ್ದ ಅಂಗಿಯನ್ನು ನೋಡಿ “ಆ ಗುಂಡಿ ಈ ಬಟ್ಟೆಗೆ ಹೊಂದಲ್ಲಮ್ಮ” ಎನ್ನುವುದು. ಹೊಂದುತ್ತಿರಲಿಲ್ಲ ಎಂಬುದು ಬೇರೆ ಮಾತು. ಗಂಡಹೆಂಡಿರು ನಾವು ಜಗಳವಾಡಬೇಕಾದರೆ ಹಿತ್ತಲಿಗೆ ಹೋಗಿ ಆಡಿ ಬರಬೇಕಾಯಿತು, ಇಲ್ಲದಿದ್ದರೆ ಬೆಂಚಿನಲ್ಲಿ ಎರಡು ಪಕ್ಷಗಳಾಗುತ್ತಿದ್ದವು, ಅವುಗಳಲ್ಲಿ ನಮ್ಮ ಮನೆಯವರ ಪಕ್ಷವೇ ದೊಡ್ಡದಿರುತ್ತಿತ್ತು.

ಇಷ್ಟಾದರೂ ನಾನು ಒಂದು ಸಲವೂ ತಮ್ಮ ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಕಾರಣ ನನ್ನ ಅತ್ತೆ. ಅವರು ಬದುಕಿಡೀ ಮಾರುಕಟ್ಟೆಯಲ್ಲಿ ತರಕಾರಿ ಮಾರಿದವರು, ಎದುರಿಗೆ ಗಿರಾಕಿಯಿಲ್ಲದೆ ಒಂದು ಹಗಲನ್ನೂ ಕಳೆದವರಲ್ಲ. ಮಂಡಿಗಳು ಕೈಕೊಟ್ಟು ಕುರ್ಚಿ ಹಿಡಿದ ಮೇಲೆ, ಕಿಟಕಿಯಾಚೆ ಬರೀ ಖಾಲಿ ಜಾಗ ನೋಡುತ್ತ ಕೂತು, ಕೇಳಿದ್ದಕ್ಕೆ ಹೂಂ, ಕೇಳದಿದ್ದರೆ ಅದೂ ಇಲ್ಲ, ತಟ್ಟೆಗೆ ಬಡಿಸಿದ್ದರಲ್ಲಿ ಅರ್ಧ ವಾಪಸ್ಸು. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಮಗ ರೇಡಿಯೋ ತಂದುಕೊಟ್ಟರೆ ಎರಡು ದಿನ ಕೇಳಿ, “ಅದು ತಾನೇ ಮಾತಾಡುತ್ತೆ, ಚೌಕಾಸಿ ಮಾಡೋಕೆ ಬರಲ್ಲ ಅದಕ್ಕೆ” ಎಂದು ಕಿವಿ ತಿರುಚಿ ಇಟ್ಟುಬಿಟ್ಟರು. ಬಾಯಿ ತುಂಬ ಬೈಯುತ್ತಿದ್ದ ಅತ್ತೆ ಸುಮ್ಮನೆ ಕೂತರೆ ಮನೆ ಎಷ್ಟು ಭಣಭಣ ಎನ್ನುತ್ತದೆ ಎಂಬುದು ಬೈಸಿಕೊಂಡ ಸೊಸೆಗೇ ಗೊತ್ತು.

ತಂಗುದಾಣ ತೆರೆದ ಮೊದಲ ದಿನವೇ ಯಾರೋ ಒಬ್ಬ ಹೆಣ್ಣುಮಗಳು ಸಂತೆಯಿಂದ ಬಂದು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಚೀಲದಿಂದ ಸೌತೆಕಾಯಿ ಇಣುಕುತ್ತಿತ್ತು. ಅತ್ತೆ ನೋಡಿದರು, ಮುಖ ತಿರುಗಿಸಿದರು, ಮತ್ತೆ ನೋಡಿದರು, ಆಮೇಲೆ ತಡೆಯಲಾರದೆ “ಯಾರಮ್ಮ ನಿನಗೆ ಈ ಬಲಿತ ಕಾಯಿ ಕಟ್ಟಿದ್ದು? ಬೀಜ ಬಿತ್ತೋಕೆ ಒಯ್ತಿದೀಯಾ, ತಿನ್ನೋಕಾ?” ಎಂದು ಗದರಿಯೇಬಿಟ್ಟರು. ಯಂತ್ರ ತುಳಿಯುತ್ತಿದ್ದ ನನ್ನ ಕಾಲು ನಿಂತಿತು. ಎಷ್ಟೋ ತಿಂಗಳ ಮೇಲೆ ಕೇಳಿದ ಧ್ವನಿ ಅದು, ಮಾನ್ಯರೇ. ನನಗೆ ಅಳು ಬಂತು, ಬಟ್ಟೆಗೆ ಒರೆಸಿಕೊಂಡೆ, ಆ ಬಟ್ಟೆ ಗಿರಾಕಿಯದು.

ಅಂದಿನಿಂದ ನಮ್ಮ ಕಿಟಕಿಯಲ್ಲಿ ವ್ಯಾಪಾರವಿಲ್ಲದ ವ್ಯಾಪಾರ ನಡೆದಿದೆ. ಬೆಂಚಿನಲ್ಲಿ ಕೂತವರಿಗೆ ಹಿಂದಿನ ರಸ್ತೆ ಕಾಣುವುದಿಲ್ಲ, ಅತ್ತೆಯ ಕುರ್ಚಿಯಿಂದ ನೋಡಿದರೆ ತಂಗುದಾಣದ ಪಕ್ಕದ ಸಂದಿಯಲ್ಲಿ ಡೈರಿಯ ತಿರುವು ಕಾಣುತ್ತದೆ, ಆದ್ದರಿಂದ ಬಸ್ಸು ತಿರುವಿಗೆ ಬಂದ ಕೂಡಲೇ “ಎದ್ದೇಳ್ರಪ್ಪಾ, ಬಂತು ನಿಮ್ಮ ಬಸ್ಸು” ಎಂದು ಕೂಗುವ ಅಧಿಕಾರ ಅವರದಾಗಿದೆ. ಅಧಿಕಾರ ಕೈಗೆ ಬಂದ ಮೇಲೆ ಅಲ್ಪಸ್ವಲ್ಪ ದುರುಪಯೋಗ ಇದ್ದದ್ದೇ, ತಮಗೆ ನಾನು ಹೇಳಬೇಕೇ? ಅತ್ತೆಗೆ ಬೇಡದವರು ಕೂತಿದ್ದರೆ ಬಸ್ಸು ತಿರುವಿಗೆ ಬರುವ ಮೊದಲೇ ಎಬ್ಬಿಸಿಬಿಡುತ್ತಾರೆ. ಆಸ್ಪತ್ರೆಯ ನರ್ಸಮ್ಮನ ಮೇಲೆ ಅವರಿಗೆ ಬಲು ಅಕ್ಕರೆ, ಮಾತು ಅರ್ಧದಲ್ಲಿದ್ದರೆ ಬಸ್ಸು ಬಂದರೂ ಬಾಯಿಬಿಡುವುದಿಲ್ಲ; ಒಮ್ಮೆ ಆಕೆ ಹಾಗೆ ಬಸ್ಸು ತಪ್ಪಿಸಿಕೊಂಡು “ಅಜ್ಜೀ, ನೀವು ನೋಡಿದ್ರಿ ತಾನೇ?” ಎಂದರೆ, “ನೋಡಿದೆ ಕಣೇ, ನಿನ್ನ ಅತ್ತಿಗೆ ಆಮೇಲೆ ಏನಂದಳು ಅಂತ ಹೇಳದೆ ಹೊರಟುಬಿಡ್ತಿದ್ದೆಯಲ್ಲ” ಎಂದರು. ಗಡಿಯಾರ ಎನಿಸಿಕೊಂಡ ಗುಮಾಸ್ತರೂ ಈಗ ಕೈಗಡಿಯಾರ ನೋಡುವುದನ್ನು ಬಿಟ್ಟು ಅತ್ತೆಯ ಮುಖ ನೋಡುತ್ತಾರೆ. ತಟ್ಟೆ ಖಾಲಿಯಾಗುತ್ತಿದೆ. ಟಾನಿಕ್ ಶೀಶೆಯನ್ನು ನಾನು ತೊಳೆದು ಯಂತ್ರದ ಎಣ್ಣೆಗೆ ಇಟ್ಟುಕೊಂಡಿದ್ದೇನೆ. ನನಗೂ ದಿನಕ್ಕೆ ನಾಲ್ಕು ಬೈಗುಳ ಸಿಗುತ್ತಿವೆ, ಮನೆ ಮನೆಯಂತಿದೆ.

ಹೀಗಿರಲು, ಕಳೆದ ವಾರ ದೊಡ್ಡ ಕಚೇರಿಯ ಸಾಹೇಬರು ಕಾರಿನಲ್ಲಿ ಹಾದುಹೋಗುವಾಗ ಗೋಡೆಯ ಬೆನ್ನನ್ನು ಕಂಡು, ಇದೇನು ಎಂದು ಕೇಳಿದರಂತೆ, ತಮಗೆ ಬೆವರು ಬಂತಂತೆ, ಫಲಕಕ್ಕೆ ಪ್ರಕಟಣೆ ಬಂತು. ಅಷ್ಟು ದಿನ ಅದರೊಳಗೆ ಕೂತೆದ್ದ ಯಾರೊಬ್ಬರನ್ನೂ ತಾವು ಏನು ಎಂದು ಕೇಳಲಿಲ್ಲ. ನರ್ಸಮ್ಮ ಸುದ್ದಿ ಓದಿ ಹೇಳಿದಾಗ ಅತ್ತೆ, “ಹೋಗ್ಲಿ ಬಿಡಮ್ಮ, ಸರ್ಕಾರದ ಕೆಲಸ, ನಮ್ಮನ್ನ ಕೇಳಿ ಮಾಡ್ತಾರಾ” ಎಂದು ನಕ್ಕರು. ಆ ರಾತ್ರಿ ತಟ್ಟೆಯಲ್ಲಿ ಅರ್ಧ ಹಾಗೇ ಉಳಿಯಿತು. ನಾನು ಪೆನ್ನು ಹುಡುಕಿದೆ.

ಆದ್ದರಿಂದ ನನ್ನ ಕೋರಿಕೆಗಳನ್ನು ಸಾವಧಾನವಾಗಿ ಪರಿಶೀಲಿಸಬೇಕು. ತಂಗುದಾಣ ರಸ್ತೆಯನ್ನು ನೋಡಲೇಬೇಕೆಂಬ ನಿಯಮವಿದ್ದರೆ, ತಾವು ರಸ್ತೆಯನ್ನೇ ಎತ್ತಿ ನಮ್ಮ ಕಿಟಕಿಯ ಮುಂದಿನ ಸಂದಿಗೆ ತಂದು ಹಾಕಬಹುದು. ಅದು ಹೇಗೂ ಹೊಂಡಗಳ ನಡುವೆ ಬಿಡಿಬಿಡಿಯಾಗಿ ಉಳಿದಿರುವುದರಿಂದ ಒಂದೆರಡು ಬುಟ್ಟಿಯಲ್ಲಿ ತರುವುದು ಸುಲಭ. ಅದಾಗದಿದ್ದರೆ ನಮ್ಮ ಮನೆಯನ್ನು ಅತ್ತೆ, ಕುರ್ಚಿ, ಕಿಟಕಿ ಸಮೇತ ರಸ್ತೆಯ ಆಚೆಗೆ ಇಟ್ಟುಕೊಡಿ, ಹಿತ್ತಲನ್ನು ಮಾತ್ರ ಮರೆಯಬೇಡಿ, ಜಗಳಕ್ಕೆ ಬೇಕಾಗುತ್ತದೆ. ಇಲ್ಲವೇ ಸೂರ್ಯನಿಗೆ ಒಂದು ನೋಟಿಸು ಕೊಟ್ಟು, ಇನ್ನು ಮುಂದೆ ರಸ್ತೆಯ ಕಡೆಯಿಂದ ಹುಟ್ಟತಕ್ಕದ್ದೆಂದು ಆಜ್ಞೆ ಮಾಡಿ, ಅಧ್ಯಕ್ಷರಿಂದ ಹೊಸ ಅಡಿಗಲ್ಲು ಹಾಕಿಸಿ ಎರಡನೆಯ ತಂಗುದಾಣ ಕಟ್ಟಿಸಿ. ಬಸ್ಸು ಹತ್ತುವವರು ಅಲ್ಲಿ ಕೂರಲಿ, ಮಾತಾಡುವವರು ಇಲ್ಲಿ ಕೂರಲಿ.

ಇವು ಯಾವುವೂ ಆಗವು ಎಂದಾದರೆ, ತಮ್ಮ ಕಚೇರಿಗೆ ಅತ್ಯಂತ ಸಲೀಸಾದ, ಲೋಕದಲ್ಲಿ ಬೇರೆ ಯಾರೂ ತಮ್ಮಷ್ಟು ಚೆನ್ನಾಗಿ ಮಾಡಲಾರದ ಒಂದೇ ಒಂದು ಕೆಲಸವನ್ನು ಬೇಡುತ್ತೇನೆ: ಈ ತಿದ್ದುಪಡಿಯನ್ನು ಫಲಕದ ಮೇಲೆ ಭರದಿಂದ ಸಾಗಿಸಿ. ವಾರ ವಾರವೂ ಸಾಗಿಸಿ. ಮುಕ್ಕಾಲು ಭಾಗ ಮುಗಿದಿದೆ ಎನ್ನಿ, ಅಂತಿಮ ಹಂತದಲ್ಲಿದೆ ಎನ್ನಿ, ದೊಡ್ಡ ಸಾಹೇಬರು ಕೇಳಿದರೆ ಗೋಡೆಯ ಭಾಗ ಮಾತ್ರ ಬಾಕಿಯಿದೆ ಎನ್ನಿ. ನನ್ನ ಅತ್ತೆಗೆ ಮಾತಾಡಲು ಜನ ಬೇಕು. ತಾವು ಈ ಊರಿಗೆ ಮಾಡಿದ ಕೆಲಸಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಈ ತಪ್ಪೊಂದೇ, ಅದನ್ನೂ ಕಿತ್ತುಕೊಳ್ಳಬೇಡಿ.

ಪ್ರತಿ ಸೋಮವಾರ ಫಲಕ ಓದಿ, ಓದಿದ್ದನ್ನು ನಂಬಲು ಪ್ರಾಮಾಣಿಕವಾಗಿ ಪ್ರಯತ್ನಿಸುವ,

ತಮ್ಮ ವಿಶ್ವಾಸಿ,
ತಂಗುದಾಣದ ಎದುರುಮನೆಯ ಹೊಲಿಗೆಯವಳು

ತಾ.ಕ.: ಪತ್ರ ಮಡಿಸುವಷ್ಟರಲ್ಲಿ ತಮ್ಮ ಮೇಸ್ತ್ರಿ, ಬುಧವಾರದವರೆಗೆ ಕಾಯುವ ತಾಳ್ಮೆಯಿಲ್ಲದೆ, ಗೋಡೆಗೆ ಗುರುತು ಹಾಕಲು ಇಂದೇ ಬಂದರು. ಬಿಸಿಲಿಗೆ ಒಂದು ಗಳಿಗೆ ಬೆಂಚಿನ ಮೇಲೆ ಕೂತರು, ಅಲ್ಲಿಗೆ ಮುಗಿಯಿತು ಅವರ ಕಥೆ. ಅತ್ತೆ “ಆ ಕರಣೆ ಕೊಡಪ್ಪ ನೋಡೋಣ, ಹಿಡಿ ಸಡಿಲ ಆದ ಹಾಗಿದೆ” ಎಂದು ಗಾರೆಯ ಕರಣೆಯನ್ನು ಕಿಟಕಿಯೊಳಗೆ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಿದ್ದಾರೆ, ಇನ್ನೂ ಕೊಟ್ಟಿಲ್ಲ. ಗೋಡೆಯ ಎತ್ತರಕ್ಕೆ ಚೌಕಾಸಿ ನಡೆದಿದೆ. ಮೇಸ್ತ್ರಿ ಸೂರಿನಿಂದ ಶುರು ಮಾಡಿದರು, ಅತ್ತೆ ನೆಲದಿಂದ. ಮಧ್ಯಾಹ್ನದ ಹೊತ್ತಿಗೆ ಗೋಡೆ ಭುಜಕ್ಕೆ ಇಳಿದಿತ್ತು, ಈಗ ಬೆಂಚಿನ ಮಟ್ಟಕ್ಕೆ ಬಂದಿದೆ. ರಸ್ತೆಯ ಬದಿಯ ಗೋಡೆಯನ್ನು ಒಡೆಯಲು ಅತ್ತೆಯ ಅಡ್ಡಿಯೇನೂ ಇಲ್ಲ, “ಆ ಕಡೆ ಬಸ್ಸು ಕಾಣ್ಲಿ, ಈ ಕಡೆ ನಾನು ಕಾಣ್ತೀನಿ, ಜನ ಯಾರನ್ನ ನೋಡ್ತಾರೆ ನೋಡೇಬಿಡೋಣ” ಎನ್ನುತ್ತಿದ್ದಾರೆ. ಇನ್ನು ತಮ್ಮ ಒಪ್ಪಿಗೆಯೊಂದೇ ಬಾಕಿ. ಬೇಗ ಬಂದು ಒಪ್ಪಿಬಿಡುವುದು ತಮಗೇ ಒಳ್ಳೆಯದು. ಅತ್ತೆ ಆಗಲೇ ಕೊಸರಿನ ಮಾತೆತ್ತಿದ್ದಾರೆ, ಸಂಜೆಯ ಬಸ್ಸಿಗೆ ಕಾಯುವವರ ಮುಖ ಸರಿಯಾಗಿ ಕಾಣುವುದಿಲ್ಲವಂತೆ, ಬೆಂಚಿನ ಮೇಲಕ್ಕೊಂದು ದೀಪ ಬೇಕಂತೆ.