ಕಿಡಿ ಹೆಚ್ಚಾದ ಜೀಪು

ಹೊನ್ನೂರಿನಲ್ಲಿ ಆಗ ಜೀಪು ಇಟ್ಟಿದ್ದವನು ನಾನೊಬ್ಬನೇ. ಆ ಜೀಪನ್ನು ತಳ್ಳದೆ ಇದ್ದವನು ಮಾತ್ರ ಊರಿನಲ್ಲಿ ಒಬ್ಬನೂ ಇರಲಿಲ್ಲ. ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಪೆಟ್ರೋಲ್ ಜೀಪು ಅದು. ಹಳ್ಳ, ದಿಣ್ಣೆ, ಗದ್ದೆಯ ಬದು ಯಾವುದೂ ಅದಕ್ಕೆ ಲೆಕ್ಕವಿಲ್ಲ. ನಾಲ್ಕು ಚಕ್ರವನ್ನೂ ತಿರುಗಿಸಿಕೊಂಡು ಹತ್ತಿಬಿಡುತ್ತಿತ್ತು. ಆದರೆ ಹತ್ತುವುದಕ್ಕೆ ಮೊದಲು ಹೊರಡಬೇಕಲ್ಲ? ಸ್ಟಾರ್ಟರ್ ಒತ್ತಿದರೆ ಹಳೇ ಪಟೇಲರ ಹಾಗೆ ಕೆಮ್ಮಿ, ಕ್ಯಾಕರಿಸಿ ಸುಮ್ಮನಾಗುತ್ತಿತ್ತು. ಪ್ಲಗ್ಗಿನಲ್ಲಿ ಕಿಡಿಯೇ ಹುಟ್ಟುತ್ತಿರಲಿಲ್ಲ. ಹುಟ್ಟಬೇಕಾದ ಕಿಡಿಯೆಲ್ಲ ನನ್ನ ಹೆಂಡತಿ ಗುರುಬಸಮ್ಮನ ಕಣ್ಣಿನಲ್ಲಿ ಹುಟ್ಟುತ್ತಿತ್ತು. ಏಕೆಂದರೆ ತಳ್ಳುವವರ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವಳು ಅವಳೇ.

ಒಂದು ಬೆಳಗ್ಗೆ ಅವಳು ಹಾಲಿನ ತಂಬಿಗೆ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಜೀಪನ್ನು ಬೀದಿಯ ತುದಿಯವರೆಗೂ ತಳ್ಳಿ ಬಂದಳು. ಬೆವರು ಒರೆಸಿಕೊಳ್ಳುತ್ತಾ ಬಹಳ ತಣ್ಣಗೆ ಕೇಳಿದಳು:

"ಎತ್ತಿನ ಗಾಡಿಗಾದ್ರೆ ಎತ್ತು ಕಟ್ತಾರೆ. ಈ ಗಾಡಿಗೆ ಅಂತ್ಲೇ ನೀವು ನನ್ನ ಕಟ್ಕಂಡ್ರಾ?"

ಅದು ನನಗೆ ನಾಟಿತು. ಅಲ್ಲೇ ನಿಂತು ಪ್ರತಿಜ್ಞೆ ಮಾಡಿದೆ. ಇನ್ನು ಮೇಲೆ ಈ ಸದಾಶಿವಪ್ಪನ ಜೀಪನ್ನು ನರಮನುಷ್ಯರು ಯಾರೂ ತಳ್ಳಕೂಡದು!

ಕೊಳ್ಳೇಗಾಲಕ್ಕೆ ಹೋಗಿ ಕಿಡಿ ಹುಟ್ಟಿಸುವ ಹೊಸ ಕಾಯಿಲು, ಹೊಸ ಪಾಯಿಂಟು, ಹೊಸ ಪ್ಲಗ್ಗು, ಬೆರಳು ದಪ್ಪದ ಹೊಸ ವೈರು ಎಲ್ಲ ತಂದೆ. ಹಳೆಯ ಪ್ಲಗ್ಗುಗಳ ತಲೆಯ ಮೇಲೆ ಕಪ್ಪು ಟೋಪಿಯಂಥವು ಕೂತಿದ್ದವು. ಅವೇನೆಂದು ಅಂಗಡಿಯ ಕೆಂಪನಂಜಪ್ಪನನ್ನು ಕೇಳಿದ್ದಕ್ಕೆ, ಮಿಲಿಟರಿಯವರ ವೈರ್‌ಲೆಸ್ಸಿಗೆ ಕಿಡಿಯಿಂದ ತೊಂದರೆಯಾಗದಿರಲೆಂದು ಹಾಕಿದ್ದು, ಕಿಡಿಯನ್ನು ಒಂದಿಷ್ಟು ಹಿಡಿದು ನಿಲ್ಲಿಸುತ್ತವೆ ಎಂದ. ಕಬ್ಬಿನ ಗದ್ದೆಗೆ ಹೋಗುವವನಿಗೆ ವೈರ್‌ಲೆಸ್ ಯಾಕೆ? ನಾಲ್ಕನ್ನೂ ಕಿತ್ತು ತಿಪ್ಪೆಗೆ ಎಸೆದೆ. ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ನೀರು ಇಳಿಯದಂತೆ ಗ್ರೀಸು ಮೆತ್ತಿ, ಹಳೇ ಸೈಕಲ್ ಟ್ಯೂಬು ಬಿಗಿದೆ. ಎಲ್ಲವನ್ನೂ ಸ್ವಹಸ್ತದಿಂದ ಮಾಡಿದೆ. ಆಮೇಲೆ ಸ್ಟಾರ್ಟರಿಗೆ ಕಾಲು ತಾಗಿಸಿದೆನೋ ಇಲ್ಲವೋ, ಜೀಪು ಹುಲಿಯ ಹಾಗೆ ಎದ್ದಿತು. ಜಗಲಿಯ ಮೇಲೆ ತೂಕಡಿಸುತ್ತಿದ್ದ ಪಕ್ಕದ ಮನೆಯ ಪುಟ್ಟಮಲ್ಲಪ್ಪನೂ ಎದ್ದ.

ಇದೇ ಸಮಯಕ್ಕೆ ಇನ್ನೊಂದು ಸುದ್ದಿ ಬಂತು. ನನ್ನ ಹೆಂಡತಿಯ ತಮ್ಮ ಗುರುಪಾದಸ್ವಾಮಿ ಮೈಸೂರಿನಲ್ಲಿ ಸಂಗೀತ ಕಲಿಯುತ್ತಿದ್ದ. ಆ ಭಾನುವಾರ ಮಧ್ಯಾಹ್ನ ರೇಡಿಯೋದಲ್ಲಿ ಅವನು ಮೂರು ವಚನ ಹಾಡುವುದಿತ್ತು. ಅವರ ವಂಶದಲ್ಲಿ ಯಾರ ದನಿಯೂ ಹೊಲದ ಬೇಲಿಯನ್ನು ದಾಟಿದ್ದಿಲ್ಲ. ನಮ್ಮ ಮನೆಗೆ ಕರೆಂಟು ಬಂದು, ರೇಡಿಯೋ ಬಂದು ಆಗಿನ್ನೂ ಹೊಸತು. ನೆಂಟರೆಲ್ಲ ನಮ್ಮಲ್ಲೇ ಸೇರುವುದೆಂದಾಯಿತು. ಅವನ ತಾಯಿ, ನನ್ನ ಅತ್ತೆ ಪುಟ್ಟಬಸಮ್ಮ, ಲೊಕ್ಕನಹಳ್ಳಿಯಿಂದ ಶನಿವಾರವೇ ಬಸ್ಸಿನಲ್ಲಿ ಬರಬೇಕಿತ್ತು. ಬರಲಿಲ್ಲ. ಕಾಡಿನಲ್ಲಿ ಮಳೆಯಾಗಿ ದಾರಿಯ ಹಳ್ಳ ತುಂಬಿದೆ, ಬಸ್ಸು ದಾಟುತ್ತಿಲ್ಲ ಎಂಬ ಸುದ್ದಿ ಮಾತ್ರ ಬಂತು.

ಗುರುಬಸಮ್ಮ ಹೋಳಿಗೆಗೆ ಬೇಯಿಸಿದ ಬೇಳೆಯ ಮುಂದೆ ಸುಮ್ಮನೆ ಕೂತುಬಿಟ್ಟಳು. ಆಗ ನಾನು ಜೀಪಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾ, ಬೆಳಕು ಹರಿಯುತ್ತಲೇ ಹೊರಟು ಹಾಡಿನ ಹೊತ್ತಿಗೆ ಅತ್ತೆಯನ್ನು ತಂದು ಅವಳ ಮುಂದೆ ಕೂರಿಸುತ್ತೇನೆ ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಅರ್ಧ ನಂಬಿಕೆ ಇತ್ತು. ಅಷ್ಟು ನನಗೆ ಧಾರಾಳವಾಯಿತು.

ಹೋಗುವಾಗ ಹಳ್ಳ ಇನ್ನೂ ಮೊಳಕಾಲುದ್ದವಿತ್ತು. ಅತ್ತೆ ಎಮ್ಮೆಗೆ ಹುಲ್ಲು ಹಾಕಿ, ಪಕ್ಕದವರಿಗೆ ಕರುವಿನ ವಿಷಯ ಒಪ್ಪಿಸಿ, ವಿಭೂತಿ ಹಚ್ಚಿಕೊಂಡು, ಮಗನಿಗೆಂದು ಹುರಿಗಾಳಿನ ಗಂಟನ್ನೂ ಕಟ್ಟಿಕೊಂಡು ಹತ್ತುವ ಹೊತ್ತಿಗೆ ಮತ್ತೆ ಮಳೆ ಹೊಡೆದಿತ್ತು. ಮಗ ರೇಡಿಯೋದೊಳಗೆ ಬರುತ್ತಾನೆಯೇ ಹೊರತು ಮನೆಯೊಳಗಲ್ಲ ಎಂದು ದಾರಿಯುದ್ದಕ್ಕೂ ಹೇಳಿದೆ. ಅವರು ಗಂಟು ಬಿಡಲಿಲ್ಲ.

ವಾಪಸು ಬಂದಾಗ ಹಳ್ಳ ಸೊಂಟದ ಹತ್ತಿರಕ್ಕೆ ಏರಿ ಕೆಂಪಗೆ ಸುತ್ತುತ್ತಿತ್ತು. ದಡದಲ್ಲಿ ಒಂದು ಬಸ್ಸು ನಿಂತಿತ್ತು, ಜನ ಇಳಿದು ಬೀಡಿ ಹಚ್ಚಿದ್ದರು. ಡ್ರೈವರು ಬೇಡವೆಂದು ಕೈಯಾಡಿಸಿದ. ನಾನೂ ಬ್ರೇಕು ಒತ್ತಿದೆ. ನಡುನೀರಿನಲ್ಲಿ ಇಂಜಿನ್ ನಿಂತರೆ ಹಾಡು ಹೋಗಲಿ, ಅತ್ತೆಯೇ ಹೋಗುತ್ತಾರೆ. ಇಲ್ಲೇ ನಿಲ್ಲೋಣವೇ ಎಂದು ಕೇಳಿದ್ದಕ್ಕೆ ಅತ್ತೆ ಗಂಟನ್ನು ಮಡಿಲಿಗೆ ಎಳೆದುಕೊಂಡರು.

"ನಡೀರಿ ಅಳಿಮಯ್ಯ. ನನ್ ಮಗ ಕಾಯ್ತಾ ಅವ್ನೆ."

ಇಳಿಸಿದೆ. ನೀರು ಬಾನೆಟ್ಟಿಗೆ ಬಡಿಯಿತು, ಕಾಲಿಗೆ ಬಂತು, ಸೀಟಿಗೆ ಬಂತು. ಹಳೇ ಜೀಪಾಗಿದ್ದರೆ ಅಲ್ಲೇ ಶಿವಾಯ ನಮಃ. ಆದರೆ ನನ್ನ ಕಿಡಿ ಆರಲಿಲ್ಲ! ಒಂದು ಸಲವೂ ಮುಗ್ಗರಿಸದೆ ಗುಡುಗುಡು ಎಂದುಕೊಂಡು ಆಚೆ ದಡ ಏರಿತು. ಹಿಂದೆ ಬಸ್ಸಿನವರೆಲ್ಲ ಚಪ್ಪಾಳೆ ಹೊಡೆದರು. ದಂಡು ಗೆದ್ದು ಬಂದ ದಳವಾಯಿಗೂ ಅಷ್ಟು ಹೆಮ್ಮೆ ಆಗಿರಲಾರದು.

ಕೊಳ್ಳೇಗಾಲ ದಾಟಿ, ಯಳಂದೂರಿನ ದಾರಿ ಹಿಡಿದು, ಸರಿಯಾಗಿ ಹಾಡಿನ ಹೊತ್ತಿಗೆ ನಮ್ಮ ಬೀದಿಗೆ ನುಗ್ಗಿದೆ. ಅತ್ತೆಯನ್ನು ಬಾಗಿಲಲ್ಲಿ ಇಳಿಸಿದೆ. ನಾನು ಇಳಿಯಲಿಲ್ಲ. ಪುಟ್ಟಮಲ್ಲಪ್ಪ ಹೊರಗೇ ನಿಂತಿದ್ದ. ಹಳ್ಳ ಗೆದ್ದ ಇಂಜಿನ್ನಿನ ದನಿಯನ್ನು ಅವನಿಗೆ ಕೇಳಿಸದೆ ಒಳಗೆ ಹೋಗುವುದು ಹೇಗೆ? ಬಾನೆಟ್ಟು ಎತ್ತಿ, ಕಾಯಿಲು ತೋರಿಸಿ, ಆಕ್ಸಿಲರೇಟರ್ ಎಳೆದು ಎಳೆದು ಕೇಳಿಸಿದೆ.

ಒಳಗಿನ ಕಥೆ ನನಗೆ ಗೊತ್ತಾಗಿದ್ದು ಆಮೇಲೆ. ರೇಡಿಯೋದಲ್ಲಿ ಒಬ್ಬರು "ಈಗ ಗುರುಪಾದ" ಎಂದದ್ದಷ್ಟೇ. ಮುಂದಕ್ಕೆ ಕರಕರ, ಪರಪರ, ಬಾಣಲೆಯಲ್ಲಿ ಸಂಡಿಗೆ ಕರಿದ ಹಾಗೆ. ಒಬ್ಬರು ರೇಡಿಯೋದ ಕಿವಿ ಹಿಂಡಿದರು, ಒಬ್ಬರು ಬೆನ್ನಿಗೆ ಗುದ್ದಿದರು. ಮಳೆ ಮೋಡದ್ದೇ ಕಾಟ ಎಂದರು ಕೆಲವರು. ಏರಿಯಲ್ ತಂತಿಯ ಮೇಲೆ ಕಾಗೆ ಕೂತಿದೆ ಎಂದು ಇನ್ನೊಬ್ಬರು ಹೆಂಚು ಹತ್ತಿದರು. ಗದ್ದಲ ಕೇಳಿ ನಾನು ಇಂಜಿನ್ ಆರಿಸಿ ಒಳಗೆ ಬಂದೆ. ಕಿಡಿಯನ್ನೇ ಪಳಗಿಸಿದವನಿಗೆ ರೇಡಿಯೋ ಯಾವ ಮಹಾ ಎಂದು ಎಲ್ಲರನ್ನೂ ಸರಿಸಿ, ಗಂಭೀರವಾಗಿ ಅದರ ತಲೆಯ ಮೇಲೆ ಕೈಯಿಟ್ಟೆ.

ಮೊದಲ ವಚನದ ಕೊನೆಯ ಸಾಲು ಗುರುಪಾದಸ್ವಾಮಿಯ ದನಿಯಲ್ಲಿ ತಿಳಿನೀರಿನ ಹಾಗೆ ಹರಿದು ಬಂತು!

ಮನೆ ತುಂಬ ನನ್ನ ಕೈಗುಣದ ಮಾತೇ. ನಾನು ಇದೇನು ಮಹಾ ಎಂಬಂತೆ ಕೈ ಒರೆಸಿಕೊಂಡೆ. ಅಷ್ಟರಲ್ಲಿ ಹೊರಗೆ ಹುಲ್ಲಿನ ಗಾಡಿಯವನು ದಾರಿ ಬಿಡಿ ಎಂದು ಕೂಗಿದ. ಹೋಗಿ ಜೀಪು ಶುರು ಮಾಡಿ, ಅವನಿಗೂ ನಾಲ್ಕು ಸಲ ಗುಡುಗಿಸಿ ತೋರಿಸಿ, ಪಕ್ಕಕ್ಕೆ ನಿಲ್ಲಿಸಿ, ಆರಿಸಿ ಬಂದೆ. ಒಳಗೆ ಮತ್ತೆ ಸಂಡಿಗೆ ಕರಿಯುತ್ತಿತ್ತಂತೆ. ಎರಡನೆಯ ವಚನ ಹಾಗೇ ಕರಿದುಹೋಗಿತ್ತು. ನಾನು ಬಂದು ಕೈಯಿಟ್ಟರೆ ಮತ್ತೆ ಸ್ವಚ್ಛ! ಈ ಸಲ ಒಂದಿಬ್ಬರು ನನಗೆ ಕೈ ಮುಗಿದರು. ನಾನು ಬೇಡವೆನ್ನಲಿಲ್ಲ.

ಮೂರನೆಯ ವಚನ ಪೂರ್ತಿ ಬಂತು. ಅತ್ತೆ ರೇಡಿಯೋದ ಎದುರಿಗೇ ಕೂತಿದ್ದರು. ಮಗನ ದನಿ ಏರಿದಾಗ ಅವರ ಗಲ್ಲವೂ ಮೇಲೇರುತ್ತಿತ್ತು. ಹಾಡು ಮುಗಿದ ಮೇಲೆ ಅತ್ತೆ ಹುರಿಗಾಳಿನ ಗಂಟನ್ನು ಮೆಲ್ಲಗೆ ರೇಡಿಯೋದ ಮುಂದೆ ಇಟ್ಟರು.

ನಾನು ಕಣ್ಣೊರೆಸಿಕೊಂಡು ಜೀಪನ್ನು ಕೊಟ್ಟಿಗೆಗೆ ಬಿಡಲು ಹೊರಗೆ ಹೋದೆ. ಶುರು ಮಾಡಿದೆ. ಗುರುಬಸಮ್ಮ ಹೊಸಲಿಗೆ ಬಂದು ನಿಂತಳು. ಆರಿಸಿ ಎಂದಳು, ಆರಿಸಿದೆ. ಒಂದು ಕಿವಿ ಒಳಗಿನ ರೇಡಿಯೋದ ಕಡೆಗೆ ಕೊಟ್ಟು, ಈಗ ಶುರು ಮಾಡಿ ಎಂದಳು, ಮಾಡಿದೆ. ಮತ್ತೆ ಆರಿಸಿ ಎಂದಳು. ಕೊನೆಗೂ ಇವಳಿಗೆ ನನ್ನ ಇಂಜಿನ್ನಿನ ಬೆಲೆ ತಿಳಿಯಿತಲ್ಲ ಎಂದು ನಾನು ಹಿಗ್ಗಿದೆ. ಅವಳು ಒಳಗೆ ಹೋದಳು.

ಊಟಕ್ಕೆ ಕೂತಾಗ ಅತ್ತೆ ಎಲ್ಲ ನೆಂಟರ ಎದುರಿಗೆ ನನ್ನ ಕೈ ಹಿಡಿದುಕೊಂಡರು.

"ನೀವಿದ್ದದ್ಕೆ ಅಳಿಮಯ್ಯ, ನಾನು ನನ್ ಮಗನ್ ಆಡು ಕೇಳ್ದೆ."

ನನ್ನ ಎದೆ ಜುಬ್ಬದ ಗುಂಡಿ ಕೀಳುವಷ್ಟು ಉಬ್ಬಿತು. ಗುರುಬಸಮ್ಮ ನನ್ನ ಎಲೆಗೆ ಹೋಳಿಗೆ ಹಾಕಿ, ಅದರ ಮೇಲೆ ತುಪ್ಪ ಸುರಿಯುತ್ತಾ, ನೆಂಟರಿಗೆಲ್ಲ ಕೇಳುವಂತೆ ತಾಯಿಗೆ ಹೇಳಿದಳು:

"ಊಂ ಕಣವ್ವ. ಮಿಕ್ಕೆರಡು ಆಡು ಕೇಳಿಸ್ದೆ ಓದದ್ದೂ ಇವ್ರಿದ್ದದ್ಕೇಯ."