ಬಿಲಾಯತಿ ಕ್ಯಾಸೆಟ್ಟಿನ ರಿಪೇರಿ

ಅಲ್ಲಾಭಕ್ಷನ ಕೈ ಆ ದಿನ ಬೆಳಿಗ್ಗೆ ಐದು ನಿಮಿಷ ಸುಮ್ಮನಿದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. ಆದರೆ ದರ್ಜಿಯ ಕೈ ನೋಡಿ, ಸುಮ್ಮನಿರುವ ಪೈಕಿಯದಲ್ಲ. ಹೆಂಡತಿ ಬಿಬಿಜಾನ್ ಕೊಡ ಎತ್ತಿಕೊಂಡು ನೀರಿಗೆ ಹೋದದ್ದೇ ತಡ, ಅಲಮಾರದ ಮೇಲಿಂದ ಟೇಪ್‌ರೆಕಾರ್ಡರನ್ನು ಇಳಿಸಿದ, ಮೇಲೆ ಹೊದಿಸಿದ್ದ ಟವೆಲು ಸರಿಸಿದ, ಗುಂಡಿ ಒತ್ತಿಯೇಬಿಟ್ಟ.

ಟೇಪು ಅವನದಲ್ಲ, ಹೆಂಡತಿಯ ಅಣ್ಣ ರಹಮಾನಸಾಬನದು. ದುಬೈಯಲ್ಲಿ ಇಂಗ್ಲೆಂಡಿನಿಂದ ಬಂದ ಒಬ್ಬ ಬಿಲಾಯತಿ ಇಂಜಿನಿಯರನ ಕಾರು ಓಡಿಸಿಕೊಂಡಿದ್ದ ರಹಮಾನಸಾಬ, ತೊಂಬತ್ಮೂರರ ಬೇಸಿಗೆಯಲ್ಲಿ ಸಿಂಧನೂರಿನ ತನ್ನ ಮನೆಗೆ ವಾಪಸು ಬಂದಿದ್ದ. ಮನೆಗೆ ಸುಣ್ಣ ಹೊಡೆಸುವ ತನಕ ಧೂಳು ಬೀಳಬಾರದೆಂದು ಟೇಪನ್ನು ಮಸ್ಕಿಯ ತಂಗಿಯ ಮನೆಯಲ್ಲಿಟ್ಟು ಹೋಗಿದ್ದ. ಹೋಗುವಾಗ ತಂಗಿಯ ಗಂಡನಿಗೆ ಬೆರಳೆತ್ತಿ ಹೇಳಿದ್ದ: "ದುಲ್ಹಾಭಾಯಿ, ಮುಟ್ಟಬ್ಯಾಡ್ರಿ. ಒಳಗಿನ ಕ್ಯಾಸೆಟ್ ಅಂತೂ ಮುಟ್ಟಲೇಬ್ಯಾಡ್ರಿ. ನಮ್ಮ ಸಾಬ್ ಊರಿಗೆ ಹೋಗೋವಾಗ ತನ್ನ ಕೈಯಾರೆ ಕೊಟ್ಟಿದ್ದು ಅದು."

ಇಷ್ಟೇ ಆಗಿದ್ದರೆ ಬೇರೆ ಮಾತು. ದುಬೈಯಿಂದ ಕರೆಂಟಿನ ಮೇಲೆ ಓಡುವ ಒಂದು ಹೊಲಿಗೆ ಮಷಿನ್ನೂ ಬಂದಿತ್ತು. ಕಾಲು ತುಳಿಯುವ ಗೋಜೇ ಇಲ್ಲ. ರಹಮಾನಸಾಬನಿಗೆ ಇಬ್ಬರು ತಂಗಿಯರು, ಇಬ್ಬರ ಗಂಡಂದಿರೂ ದರ್ಜಿಗಳು. ಮಸ್ಕಿಯಲ್ಲಿ ಅಲ್ಲಾಭಕ್ಷ, ಲಿಂಗಸುಗೂರಿನಲ್ಲಿ ಅವನ ಷಡ್ಡಕ ಬುಡ್ಡೇಸಾಬ್. "ಸಾಮಾನು ಜ್ವಾಕಿ ಮಾಡೋರಿಗೆ ಮಷಿನ್," ಎಂದಿದ್ದ ರಹಮಾನಸಾಬ. "ಬರೋ ಸೋಮವಾರ ಸಂಜಿಕ ಟೆಂಪೋದಾಗ ಹಾಕ್ಕೊಂಡು ಬರ್ತೀನಿ. ನನ್ನ ಟೇಪು ಛಲೋ ಇದ್ರ ಮಸ್ಕಿಯಾಗ ಇಳಿಸ್ತೀನಿ. ಇಲ್ಲಾಂದ್ರ ಟೆಂಪೋ ಸೀದಾ ಲಿಂಗಸುಗೂರಿಗೆ." ಇಪ್ಪತ್ತು ವರ್ಷ ಮಷಿನ್ ತುಳಿದೂ ತುಳಿದೂ ಅಲ್ಲಾಭಕ್ಷನ ಮೊಣಕಾಲು ಸವೆದುಹೋಗಿದ್ದವು. ಆ ಕರೆಂಟಿನ ಮಷಿನ್ ಅವನಿಗೆ ಕನಸಿನಲ್ಲೂ ಬರುತ್ತಿತ್ತು.

ಇವತ್ತೇ ಆ ಸೋಮವಾರ.

ಗುಂಡಿ ಒತ್ತಿದ ಕೂಡಲೇ ಧಬ್ ಧಬ್ ಧಬ್ ಧಬ್ ಎಂದಿತು. ಹಾಡು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅಲ್ಲಾಭಕ್ಷ ಕಾದ. ಧಬ್ ಧಬ್ ನಿಲ್ಲಲಿಲ್ಲ. ನಡುವೆ ಏನೋ ಕುಂಯ್ ಎಂದಿತು, ಯಾರೋ ಸೀಟಿ ಊದಿದರು, ಆಮೇಲೆ ಆಗಷ್ಟೇ ನಿದ್ದೆಯಿಂದೆದ್ದ ದನಿಯಲ್ಲಿ ಒಬ್ಬ ನಾಲ್ಕು ಮಾತು ಹಾಡಿದ. ಮುಂದಿನದು ಮರೆತವನ ಹಾಗೆ ಮತ್ತೆ ಅವೇ ನಾಲ್ಕು ಮಾತು. ಮತ್ತೆ ಅವೇ. ಅಲ್ಲಾಭಕ್ಷ ಟೇಪಿನ ಮೇಲೆ ಬಗ್ಗಿದ. "ಯಾ ಅಲ್ಲಾ! ಸಿಕ್ಕಾಕ್ಕೊಂತು!" ಎಂದು ಗುಂಡಿ ಎತ್ತಿದ, ಮತ್ತೆ ಒತ್ತಿದ. ಧಬ್ ಧಬ್.

ನಿಮ್ಮ ಮುಂದೆ ಮುಚ್ಚುಮರೆ ಯಾಕೆ? ಟೇಪಿಗೂ ಏನೂ ಆಗಿರಲಿಲ್ಲ, ಕ್ಯಾಸೆಟ್ಟಿಗೂ ಏನೂ ಆಗಿರಲಿಲ್ಲ. ಬಿಲಾಯತಿಯ ಹುಡುಗರು ಆಗಿನ ದಿನಗಳಲ್ಲಿ ಹುಚ್ಚೆದ್ದು ಕುಣಿದ ಹಾಡುಗಳು ಅವು. ಗಿಟಾರನ್ನೂ ಮಷಿನ್ನಿನ ತಾಳವನ್ನೂ ಕಲಸಿ ಮಾಡಿದ್ದು, ಅಲ್ಲಿ ದೊಡ್ಡ ಹೆಸರು ಮಾಡಿದ್ದು. ಅದು ಇರುವುದೇ ಹಾಗೆ. ಆದರೆ ಇದನ್ನು ಹೇಳುವವರು ಮಸ್ಕಿಯ ಆ ಓಣಿಯಲ್ಲಿ ಯಾರಿದ್ದರು?

"ಏನೋ ಅಲ್ಲಾಭಕ್ಷ, ಮನಿಯಾಗ ಹಿಟ್ಟಿನ ಗಿರಣಿ ಹಾಕಿಯೇನು?" ಗೋಡೆಯಾಚೆಯಿಂದ ಕಸ್ತೂರೆಮ್ಮನ ತಲೆ ಮೇಲೆ ಬಂತು. ಓಣಿಯಲ್ಲಿ ಯಾರ ಮನೆಯ ಒಗ್ಗರಣೆಗೆ ಎಷ್ಟು ಸಾಸಿವೆ ಬಿತ್ತೆಂದು ಹೇಳಬಲ್ಲ ಹೆಂಗಸು.

"ಗಿರಣಿ ಅಲ್ಲಬೇ ಯವ್ವಾ, ಟೇಪು. ಕೆಟ್ಟೋಗೈತಿ," ಅಲ್ಲಾಭಕ್ಷ ಅಳುವ ದನಿಯಲ್ಲಿ ಹೇಳಿದ.

"ಯಾರ ಟೇಪು? ಬಿಬಿಜಾನ್‌ನ ಅಣ್ಣಂದ? ಅಯ್ಯ ನಿನ್ನ! ಹಂಗಾರ ಮಷಿನ್ ಬುಡ್ಡೇಸಾಬಗ ಹೋತು ಬಿಡು." ಸಮಾಧಾನ ಹೇಳಿದಂತೆ ಹೇಳಿ, ಅವಳು ಮೈಕ್ ಬಸ್ಸಪ್ಪನನ್ನು ಕೂಗಿ ಕರೆದಳು.

ಮೈಕ್ ಬಸ್ಸಪ್ಪ ಮದುವೆ ಮುಂಜಿಗೆ ಮೈಕ್‌ಸೆಟ್ ಬಾಡಿಗೆ ಕೊಡುವವನು, ಸ್ಕ್ರೂಡ್ರೈವರನ್ನು ಕಿವಿಗೆ ಬೀಡಿ ಸಿಗಿಸಿಕೊಂಡಂತೆ ಸಿಗಿಸಿಕೊಂಡೇ ತಿರುಗುವವನು. ಬಂದು ಕಣ್ಣು ಮುಚ್ಚಿ ಧಬ್ ಧಬ್ ಕೇಳಿದ. "ಹೆಡ್ ಕೊಳಿ ಆಗೈತಿ," ಎಂದ. ಅಲ್ಲಾಭಕ್ಷ ಬೇಡವೆನ್ನುವಷ್ಟರಲ್ಲಿ ಟೇಪಿನ ಬೆನ್ನು ಬಿಚ್ಚಿಯಾಗಿತ್ತು. ಹತ್ತಿ ಹಾಕಿ ಒರೆಸಿದ, ಊದಿದ, ಹೊಲಿಗೆ ಮಷಿನ್ನಿನ ಎಣ್ಣೆ ಇಸಿದುಕೊಂಡು ಎರಡು ಹನಿ ಬಿಟ್ಟ. ಮುಚ್ಚಿ ಹಾಕಿದ. ಧಬ್ ಧಬ್. ಮತ್ತೆ ಬಿಚ್ಚಿದ. ಮೂರನೇ ಸಲ ಮುಚ್ಚಿದಾಗ ಒಂದು ಸ್ಕ್ರೂ ಉಳಿಯಿತು.

"ಇದು ಎಲ್ಲಿದೋ ಬಸ್ಸಪ್ಪಾ?"

"ಕಂಪನಿಯವರು ಒಂದು ಹೆಚ್ಚಿಗಿ ಹಾಕಿರ್ತಾರ. ಕಿಸೇದಾಗ ಇಟ್ಕೋ."

ಬಸ್ಸಪ್ಪ ತನ್ನ ಮದುವೆ ಹಾಡಿನ ಕ್ಯಾಸೆಟ್ ತಂದು ಹಾಕಿ ನೋಡಿದ. ಅದು ಜೇನು ಸುರಿದಂತೆ ಹಾಡಿತು. "ಕಂಡೆಯಿಲ್ಲೋ! ರೋಗ ಟೇಪಿಗಲ್ಲ, ಕ್ಯಾಸೆಟ್ಟಿಗೆ. ಸಿಂಧನೂರಿಗೆ ಹೋಗು. ರೆಕಾರ್ಡಿಂಗ್ ಅಂಗಡಿ ತಾಯಪ್ಪ ಇದ್ದಾನ. ಎಂಥಾ ಕ್ಯಾಸೆಟ್ ಇದ್ರೂ ಜೀವ ತುಂಬ್ತಾನ."

ಇಷ್ಟರಲ್ಲಿ ಒಂದು ವಿಚಿತ್ರ ನಡೆದಿತ್ತು, ಅದನ್ನು ಯಾರೂ ಗಮನಿಸಲಿಲ್ಲ. ಬಸ್ಸಪ್ಪ ಬಿಚ್ಚಿ ಮುಚ್ಚಿ, ಮುಚ್ಚಿದಾಗೊಮ್ಮೆ ಕ್ಯಾಸೆಟ್ಟನ್ನು ಉದ್ದಕ್ಕೂ ಓಡಿಸಿ ನೋಡಿದ್ದ. ಅಲ್ಲಾಭಕ್ಷ ಗಾಬರಿಯಲ್ಲಿ ಏನಾದರೂ ಮಾಡಬೇಕಲ್ಲ ಎಂದು ಹೊಲಿಯಲು ಕೂತಿದ್ದ. ಅವನ ಕಾಲು ತನ್ನಷ್ಟಕ್ಕೆ ತಾನೇ ಆ ಧಬ್ ಧಬ್‌ಗೆ ಸರಿಯಾಗಿ ಮಷಿನ್ ತುಳಿದು, ಮಧ್ಯಾಹ್ನದ ತನಕ ಹಿಡಿಯುತ್ತಿದ್ದ ನಾಲ್ಕು ಕುಪ್ಪಸ ಹತ್ತು ಗಂಟೆಗೇ ಮುಗಿದಿದ್ದವು. ಮೊಣಕಾಲು ನೋಯಲೂ ಇಲ್ಲ. ಆದರೆ ತಲೆ ಕೆಟ್ಟವನಿಗೆ ಕಾಲಿನ ಕಡೆ ಖಬರು ಎಲ್ಲಿಂದ ಬರಬೇಕು?

ಅಷ್ಟು ಹೊತ್ತೂ ನಲ್ಲಿಯ ಪಾಳಿಯಲ್ಲಿ ನಿಂತು ಬಂದು ನೀರಿನ ಕೊಡ ಇಳಿಸಿದ ಬಿಬಿಜಾನ್ ವಿಷಯ ಕೇಳಿ ಹಣೆ ಹಣೆ ಬಡಿದುಕೊಂಡಳು. "ಏನ್ರೀ, ನಿಮ್ಮ ಕೈಗೆ ಏನಾಗೈತಿ? ನಮ್ಮಣ್ಣ ಹೋದ ವರ್ಷ ರಜಾಕ ಬಂದಾಗ ಕೊಟ್ಟ ಬ್ಯಾಟರಿ ಲೈಟು ಒಡದ್ರಿ, ವಾಚು ನೀರಾಗ ಹಾಕಿದ್ರಿ. ಇದೊಂದು ಉಳಿದಿತ್ತು ನೋಡ್ರಿ! ಸಂಜಿ ಒಳಗ ಸರಿ ಮಾಡಿಸ್ಕೊಂಡು ಬರ್ರಿ. ಇಲ್ಲಾಂದ್ರ ನಾನೂ ಅದೇ ಟೆಂಪೋದಾಗ ಲಿಂಗಸುಗೂರಿಗೆ ಅಕ್ಕನ ಮನಿಗೆ ಹೋಗ್ತೀನಿ."

ಸಿಂಧನೂರಿನಲ್ಲಿ ಬಸ್ಸಿಳಿದ ಅಲ್ಲಾಭಕ್ಷ ಟವೆಲನ್ನು ಮುಖಕ್ಕೆ ಸುತ್ತಿಕೊಂಡ. ಇದು ರಹಮಾನಸಾಬನ ಊರು, ಎಲ್ಲಿ ಎದುರಾಗುತ್ತಾನೋ. ಆ ವೇಷಕ್ಕೆ ಎರಡು ನಾಯಿಗಳು ಬೆನ್ನು ಹತ್ತಿದವು, ಅವನು ಓಡೋಡಿ ತಾಯಪ್ಪನ ಅಂಗಡಿ ಹೊಕ್ಕ.

ತಾಯಪ್ಪ ಗೋಡೆಯ ತುಂಬ ಕ್ಯಾಸೆಟ್ ಜೋಡಿಸಿಕೊಂಡು ಡಾಕ್ಟರನ ಗತ್ತಿನಲ್ಲಿ ಕೂತಿದ್ದ. ಗಿರಾಕಿಗಳು ಹಾಡಿನ ಪಟ್ಟಿ ಬರೆದುಕೊಟ್ಟರೆ ಅವನು ತುಂಬಿಕೊಡುತ್ತಿದ್ದ. ಅಲ್ಲಾಭಕ್ಷ ದುಬೈ ಭಾವನ ಕಥೆಯೆಲ್ಲ ಹೇಳಿದ ಮೇಲೆ, ತಾಯಪ್ಪ ಬಿಲಾಯತಿ ಕ್ಯಾಸೆಟ್ ಹಾಕಿ ಅರ್ಧ ನಿಮಿಷ ಕೇಳಿದ್ದೇ ತಲೆ ಅಲ್ಲಾಡಿಸಿದ.

"ಹಾಡು ಹೋಗ್ಯಾವ. ಬರೇ ಮಷಿನ್ನಿನ ಸಪ್ಪಳ ಉಳದೈತಿ."

"ಎಲ್ಲಿ ಹೋಗ್ಯಾವಪ್ಪ?"

"ಅಳಿಸಿ ಹೋಗ್ಯಾವ. ಉಷ್ಣಕ್ಕ ಹಿಂಗಾಗ್ತೈತಿ. ದುಬೈ ಬಿಸಿಲು ಅಂದ್ರ ಸುಮ್ನ ಅಲ್ಲ." ತಾಯಪ್ಪ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದ. "ಛಲೋ ಕವಾಲಿ ತುಂಬಿ ಕೊಡ್ಲಾ? ನಿಮ್ಮ ಭಾವಗ ಕವಾಲಿ ಸೇರ್ತಾವಿಲ್ಲ?"

ರಹಮಾನಸಾಬನಿಗೆ ಕವಾಲಿ ಎಂದರೆ ಪ್ರಾಣ. ಅಲ್ಲಾಭಕ್ಷನಿಗೂ ದಾರಿ ಕಂಡಂತಾಯಿತು. ಆದರೂ ಕೇಳಿದ: "ಇದರಾಗ ಮೊದಲು ಏನಿತ್ತು ಅಂತ ಗೊತ್ತಿಲ್ಲಲ್ಲೋ?"

"ಮನಿಶಾರು ಕೇಳೋ ಕ್ಯಾಸೆಟ್ಟಿನ್ಯಾಗ ಏನಿರ್ತೈತಿ? ಹಾಡು ಇರ್ತಾವ. ಹಾಡು ತುಂಬ್ತೀನಿ. ಮುಗೀತು."

ಒಳಗಿನ ಹಾಡು ಯಾರೂ ಅಳಿಸದಿರಲೆಂದು ಕ್ಯಾಸೆಟ್ಟಿನ ನೆತ್ತಿಯ ಮೇಲಿನ ಹಲ್ಲುಗಳನ್ನು ಕಂಪನಿಯವರೇ ಮುರಿದಿದ್ದರು. ತಾಯಪ್ಪ ಆ ತೂತಿಗೆ ಕಾಗದದ ಉಂಡೆ ತುರುಕಿದ, ಎರಡೂ ಬದಿ ಕವಾಲಿ ತುಂಬಿದ, ಕಾಗದ ಕಿತ್ತು ಕೈಗಿಟ್ಟ. ಅಲ್ಲಾಭಕ್ಷ ಹಗುರಾಗಿ ವಾಪಸು ಬಸ್ ಹತ್ತಿದ.

ಪಕ್ಕದ ಸೀಟಿನಲ್ಲಿ ಸೂಗಪ್ಪ ಮಾಸ್ತರರಿದ್ದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ಅಲ್ಲಾಭಕ್ಷನ ಕೈಯಲ್ಲಿದ್ದ ಕ್ಯಾಸೆಟ್ಟಿನ ಡಬ್ಬಿ ಇಸಿದುಕೊಂಡು ಕನ್ನಡಕ ಏರಿಸಿ ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು.

"ಲೇ ಅಲ್ಲಾಭಕ್ಷ, ಇದು ನಿನಗೆಲ್ಲಿ ಸಿಕ್ತೋ? ಹೈದರಾಬಾದಿನ್ಯಾಗ ನನ್ನ ಅಳಿಯ ಇದಕ್ಕಾಗಿ ವರ್ಷಗಟ್ಲೆ ಹುಡುಕ್ಯಾನ! ಪೇಪರಿನ್ಯಾಗ ಓದೀನಿ ನಾ. ಲಂಡನ್ ಕಡೆ ಹುಡುಗರು ಹೊಲದಾಗ ಸಾವಿರಗಟ್ಲೆ ಕೂಡಿ, ಈ ಹಾಡು ಹಚ್ಚಿ ಬೆಳತನಕ ಕುಣೀತಾರಂತ."

"ಹೊಲದಾಗ್ರಿ? ರಾಶಿ ಮಾಡಾಕ?"

"ರಾಶಿ ಇಲ್ಲ, ಏನಿಲ್ಲ. ಸುಮ್ನ ಕುಣಿಯೋದು. ಬರೇ ಧಬ್ ಧಬ್ ಅಂತೈತಿ, ಹೇಳಿದ್ದನ್ನ ಹೇಳ್ತಾರ. ಕೇಳಿದವರು ಮಷಿನ್ ಕೆಟ್ಟೈತಿ ಅನ್ಕೋಬೇಕು, ಹಂಗಿರ್ತೈತಂತ."

ಅಲ್ಲಾಭಕ್ಷ ಡಬ್ಬಿಯನ್ನು ವಾಪಸು ಕಸಿದುಕೊಂಡ. "ಅಂದ್ರ... ಮಾಸ್ತರ್ರ... ಅದು ಕೆಟ್ಟಿರಲಿಲ್ಲೇನ್ರಿ?"

"ಕೆಡೋದೇನು? ಅದು ಇರೋದೇ ಹಂಗ."

ಆಗಲೇ ಒಂದು ಟೆಂಪೋ ಹಾರ್ನ್ ಬಾರಿಸುತ್ತ ಬಸ್ಸನ್ನು ಹಿಂದಿಕ್ಕಿತು. ಹಿಂದೆ ಕಟ್ಟಿಗೆಯ ದೊಡ್ಡ ಪೆಟ್ಟಿಗೆ, ಮುಂದೆ ಡ್ರೈವರನ ಪಕ್ಕ ಕರಿ ಕನ್ನಡಕದ ರಹಮಾನಸಾಬ. ಮಷಿನ್ ಮಸ್ಕಿಯ ಕಡೆ ಹೊರಟಿತ್ತು, ಅಲ್ಲಾಭಕ್ಷನಿಗಿಂತ ಮುಂದೆ. ಇಳಿದು ಎತ್ತಲಾದರೂ ಓಡಿಹೋಗೋಣವೆನಿಸಿತು ಅವನಿಗೆ. ಸಾಬ್ ಕೈಯಾರೆ ಕೊಟ್ಟ ಮಾಲನ್ನು ದುಡ್ಡು ಕೊಟ್ಟು ಅಳಿಸಿಕೊಂಡು ಬಂದ ಮೂರ್ಖ ಈ ದೇಶದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ ಎಂದುಕೊಂಡ. ಕಿಸೆಯಲ್ಲಿದ್ದ ಸ್ಕ್ರೂ ಬೇರೆ ಎದೆಗೆ ಚುಚ್ಚುತ್ತಿತ್ತು.

ಮನೆ ಮುಂದೆ ಓಣಿಯೆಲ್ಲ ಸೇರಿತ್ತು. ಕಸ್ತೂರೆಮ್ಮ ಜಾಗ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು, ಬಸ್ಸಪ್ಪ ಟೆಂಪೋದಲ್ಲಿನ ಪೆಟ್ಟಿಗೆಯನ್ನು ತಟ್ಟಿ ನೋಡುತ್ತಿದ್ದ. ಒಳಗೆ ರಹಮಾನಸಾಬ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದ, ಬಿಬಿಜಾನ್ ಮೂಲೆಯಲ್ಲಿ ಸೆರಗು ಕಚ್ಚಿ ನಿಂತಿದ್ದಳು.

"ಬರ್ರಿ ದುಲ್ಹಾಭಾಯಿ. ಟೇಪಿನ್ಯಾಗ ಕ್ಯಾಸೆಟ್ ಇಲ್ಲಲ್ಲ?"

ಸುಳ್ಳು ಹೇಳಲು ಅಲ್ಲಾಭಕ್ಷನಿಗೆ ಶಕ್ತಿ ಉಳಿದಿರಲಿಲ್ಲ. "ಭಾಯಿ, ತಪ್ಪಾಗೈತಿ. ನಾ ಹಚ್ಚಿದೆ. ಧಬ್ ಧಬ್ ಅಂತು. ಕೆಟ್ಟೈತಿ ಅಂತ ತಿಳಕೊಂಡು..." ಎನ್ನುತ್ತ ಕ್ಯಾಸೆಟ್ಟನ್ನು ಮುಂದೆ ಹಿಡಿದ. ರಹಮಾನಸಾಬ ಕೈ ಚಾಚಿ ಕ್ಯಾಸೆಟ್ ಕಸಿದುಕೊಂಡ, ಟೇಪಿಗೆ ಹಾಕಿದ, ಗುಂಡಿ ಒತ್ತಿದ.

ಹಾರ್ಮೋನಿಯಂ ಎದ್ದಿತು, ಚಪ್ಪಾಳೆ ಬಿತ್ತು, ಹತ್ತು ಜನ ಕೂಡಿ ಕವಾಲಿ ಶುರು ಮಾಡಿದರು. ಅಲ್ಲಾಭಕ್ಷ ಕಣ್ಣು ಮುಚ್ಚಿಕೊಂಡ.

ಬೈಗುಳ ಬೀಳಲಿಲ್ಲ. ಕಣ್ಣು ತೆರೆದರೆ ರಹಮಾನಸಾಬ ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಳ್ಳುತ್ತಿದ್ದ.

"ದುಲ್ಹಾಭಾಯಿ," ಎಂದ ಅವನು. "ಇದನ್ನ ನೀವು ರಿಪೇರಿ ಮಾಡಿದ್ರ್ಯಾ? ಸಾಬ್ ಕೊಟ್ಟ ದಿನಾನೇ ಹಚ್ಚಿದ್ದೆ. ಬರೇ ಧಬ್ ಧಬ್! ಅಷ್ಟು ದೊಡ್ಡ ಮನಿಶಾ ಕೆಟ್ಟದ್ದು ಕೊಡ್ತಾನೇನು? ನನ್ನ ಕೈಯಾಗೇ ಕೆಟ್ಟೈತಿ ಅಂತ ತಿಳಕೊಂಡು ಎರಡು ವರ್ಷ ಯಾರಿಗೂ ಹೇಳಲಿಲ್ಲ. ನಿಮಗೂ ಗೊತ್ತಾಗಬಾರದು ಅಂತನ ಮುಟ್ಟಬ್ಯಾಡ್ರಿ ಅಂದಿದ್ದು. ನೋಡ್ರಿ, ಬಿಳಿ ಮನಿಶಾ ಇದ್ರೂ ನನಗೇನು ಸೇರ್ತೈತಿ ಅಂತ ತಿಳಕೊಂಡು ಒಳಗ ಕವಾಲಿ ಇಟ್ಟಿದ್ದ!"

"ಅಲ್ಲ ಭಾಯಿ, ನಾ ರಿಪೇರಿ ಮಾಡಿಲ್ಲ. ಸಿಂಧನೂರಾಗ ತಾಯಪ್ಪ—"

"ಸುಮ್ನಿರ್ರಿ! ದೊಡ್ಡ ಕಸಬುದಾರರು ಹಿಂಗ ಅಂತಾರ. ನಾ ಮಾಡಿಲ್ಲ, ಅಂವ ಮಾಡ್ಯಾನ, ಇಂವ ಮಾಡ್ಯಾನ ಅಂತಾರ."

ಬಿಬಿಜಾನ್‌ಳ ಮುಖ ಅರಳಿತು. ಅಲ್ಲಾಭಕ್ಷನ ಎದೆಯಲ್ಲಿ ಆಸೆ ಚಿಗುರಿತು. ಕವಾಲಿಯೂ ಬೇಡ, ಧಬ್ ಧಬ್ಬೂ ಬೇಡ, ಮಷಿನ್ ಬಂತಲ್ಲ! ಅವನ ಕಣ್ಣು ಬಾಗಿಲಾಚೆಯ ಪೆಟ್ಟಿಗೆಯ ಮೇಲೆ ನೆಟ್ಟಿತು.

ರಹಮಾನಸಾಬ ಎದ್ದು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ಇಂಥಾ ಕೈ ಹೊಲಿಗಿಗೆ ಹಾಳು ಮಾಡಬಾರದು. ಮಷಿನ್ ಬುಡ್ಡೇಸಾಬಗೇ ಇರಲಿ, ಪಾಪ, ಅವನಿಗೆ ಹೊಲಿಗಿ ಬಿಟ್ರ ಬ್ಯಾರೆ ಏನೂ ಬರಂಗಿಲ್ಲ. ನಿಮಗಾಗಿ ಬ್ಯಾರೆ ಐತಿ. ಏ ಡ್ರೈವರ್ ಸಾಬ್, ಆ ಚೀಲ ತರ್ರಿ!"

ಡ್ರೈವರ್ ಒಂದು ಗೋಣಿಚೀಲ ತಂದು ನಡುಮನೆಯಲ್ಲಿ ಸುರಿದ. ಖಡಖಡ ಎಂದು ಕ್ಯಾಸೆಟ್ಟುಗಳ ಗುಡ್ಡ ಬಿತ್ತು.

"ಸಾಬ್ ಹೋಗೋವಾಗ ಇವನ್ನೂ ಕೊಟ್ಟಿದ್ದ. ನಲವತ್ತು. ಎಲ್ಲಾ ಹಿಂಗ ಕೆಟ್ಟಾವ. ಬಿಸಾಡಾಕ ಮನಸ್ಸು ಬರಲಿಲ್ಲ, ದಾರಿಯಾಗ ಯಾರಾದ್ರೂ ರಿಪೇರಿಯವರು ಸಿಕ್ಕಾರು ಅಂತ ಟೆಂಪೋದಾಗ ಹಾಕ್ಕೊಂಡು ಬಂದಿದ್ದೆ. ಒಳಗ ಏನೇನು ಕವಾಲಿ ಅದಾವೋ ಏನೋ! ಒಂದೊಂದಾಗಿ ರಿಪೇರಿ ಮಾಡ್ರಿ. ಟೇಪು ನಿಮ್ಮಲ್ಲೇ ಇರಲಿ, ಹಚ್ಚಿ ನೋಡಾಕ ಬೇಕಲ್ಲ."

ಏನು ಹೇಳಬೇಕು? ಅಳಿಸಿದೆನೆಂದರೆ ಮಷಿನ್ ಲಿಂಗಸುಗೂರಿಗೆ. ರಿಪೇರಿ ಮಾಡಿದೆನೆಂದರೂ ಮಷಿನ್ ಲಿಂಗಸುಗೂರಿಗೆ. ರಹಮಾನಸಾಬ ಹೋಗಿ ಡ್ರೈವರನ ಪಕ್ಕ ಕೂತ. ಟೆಂಪೋ ಹೊಗೆ ಬಿಟ್ಟು ಹೊರಟಿತು. ಪೆಟ್ಟಿಗೆ ತಿರುವಿನ ತನಕ ಕಾಣುತ್ತಿತ್ತು.

ಬಿಬಿಜಾನ್ ಗುಡ್ಡದಿಂದ ಕೈಗೆ ಸಿಕ್ಕ ಒಂದು ಕ್ಯಾಸೆಟ್ ಎತ್ತಿ ಟೇಪಿಗೆ ಹಾಕಿದಳು. ಧಬ್ ಧಬ್ ಧಬ್ ಧಬ್.

ಅಲ್ಲಾಭಕ್ಷ ಹಳೇ ಮಷಿನ್ ಮುಂದೆ ಕುಕ್ಕರಿಸಿದ. ಕಾಲು ಅವನನ್ನು ಕೇಳದೆಯೇ ತುಳಿಯಲು ಶುರು ಮಾಡಿತು.

ಗೋಡೆಯಾಚೆ ಕಸ್ತೂರೆಮ್ಮನ ತಲೆ ಮೇಲೆ ಬಂತು. "ಏನೋ ಅಲ್ಲಾಭಕ್ಷ, ಮತ್ತ ಕೆಟ್ಟಿತೇನೋ? ತಡಿ, ಬಸ್ಸಪ್ಪ ಇಲ್ಲೇ ಅದಾನ, ಕಳಸ್ತೀನಿ."