ಹಾಡದೆ ಬಿಟ್ಟ ಸೋಲಿನ ಪದ್ಯ

“ಇವರಿಬ್ಬರಲ್ಲಿ ಯಾರನ್ನು ಸೋಲಿಸಿದರೆ ನಾನು ಉಳಿದೇನು?” ಎಂದು ಜಯಾನಂದ ಇಡ್ಲಿ ಪಾತ್ರೆಯ ಹಬೆಯನ್ನು ಕೇಳಿದ. ಹಬೆ ಮೇಲೆ ಹೋಯಿತು.

ಪೀತಮ್‌ಪುರದ ಅವನ ಹೋಟೆಲಿನ ಮಹಡಿಯಲ್ಲಿ ಅಂದು ತಾಳಮದ್ದಳೆ. ಭಾಗವತ ಅವನೇ. ವೇಷವಿಲ್ಲ, ಕುಣಿತವಿಲ್ಲ, ಅವನು ಪದ್ಯ ಹಾಡಬೇಕು, ಕೂತವರು ಅದರ ಅರ್ಥವನ್ನು ಮಾತಿನಲ್ಲಿ ಬೆಳೆಸಬೇಕು. ಮುಂದಿನ ಪದ್ಯ ಏಳುವವರೆಗೆ ವಾದಕ್ಕೆ ತಡೆಯಿಲ್ಲ.

ಪ್ರಸಂಗದಲ್ಲಿ ಒಂದೇ ಸಿಂಹಾಸನಕ್ಕೆ ಇಬ್ಬರು ರಾಜರು. ಅಣ್ಣ ಹೇಮಕೇತುವಿನ ಅರ್ಥ ಹೇಳುವವನು ಲೋಧಿ ಕಾಲೋನಿಯ ಅಧಿಕಾರಿ ಕಾರ್ತಿಕೇಯ, ಜಯಾನಂದನ ಹೆಂಡತಿ ವಸಂತಿಯ ಅಣ್ಣ. ತಮ್ಮ ರತ್ನಕೇತುವಿನದು ಹೋಟೆಲಿನ ದೋಸೆ ಭಟ್ಟ ಇಂದುಶೇಖರ. ಕೊನೆಗೆ ತಮ್ಮ ಸೋತು ಶರಣಾಗಬೇಕು. ಪದ್ಯ ಇರುವುದೇ ಹಾಗೆ.

ಕಳೆದ ಸಲವೂ ಸೋತಿದ್ದ ಇಂದುಶೇಖರ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: ಆ ಪದ್ಯ ಎತ್ತಿದರೆ ತಾನು ಗುರುಗ್ರಾಮದ ಹೋಟೆಲಿಗೆ ಹೋಗುವವನೇ. ತನ್ನಣ್ಣ ಅಡುಗೆಯವನೆದುರು ತಲೆ ತಗ್ಗಿಸಿದರೆ ಮನೆಗೆ ಬರಬೇಡಿ ಎಂದು ವಸಂತಿ ಹೇಳಿದ್ದಳು.

ಯುದ್ಧ ಕಾವೇರಿತು. ಹಸಿದ ಪ್ರಜೆಗಳಿಗೆ ಅನ್ನ ಬಡಿಸಿದ ಕೈ ಯಾವುದೆಂದು ರತ್ನಕೇತು ಕೇಳಿದ.

“ಬಡಿಸುವವನೆಲ್ಲ ಅರಸನಾದರೆ, ತಮ್ಮಾ, ಪಂಕ್ತಿಯಲ್ಲಿ ಕೂರುವವರು ಯಾರು?” ಎಂದ ಹೇಮಕೇತು.

ಸಭೆ ನಕ್ಕಿತು. ಇಂದುಶೇಖರನ ಮುಖ ಕೆಂಪು ಚಟ್ನಿಯಂತಾಯಿತು. ಇನ್ನು ಸೋಲಿನ ಪದ್ಯವೇ. ಸಭೆಯ ಮುಂಸಾಲಿನಲ್ಲಿ ವಸಂತಿ ಕಣ್ಣು ಮಿಟುಕಿಸದೆ ಕೂತಿದ್ದಳು. ಜಯಾನಂದ ತಾಳ ಎತ್ತಿಕೊಂಡ. ದೇವರನ್ನು ನೆನೆದು, ಎಲ್ಲೂ ಇಲ್ಲದ ಪದ್ಯವೊಂದನ್ನು ಅಲ್ಲೇ ಕಟ್ಟಿ ಹಾಡಿದ: ರಣರಂಗಕ್ಕೆ ಮುನಿ ಬಂದ, ಅಣ್ಣತಮ್ಮಂದಿರಿಬ್ಬರೂ ಸಿಂಹಾಸನ ತೊರೆದು ತಪಸ್ಸಿಗೆಂದು ಕಾಡಿಗೆ ನಡೆದರು.

ಮದ್ದಳೆಯವನು ಬಾಯಿ ತೆರೆದು ನೋಡಿದ. ಆಮೇಲೆ ಇಂದುಶೇಖರ ತಗ್ಗಿದ ದನಿಯಲ್ಲಿ ಅರ್ಥ ಹೇಳಿದ.

“ಅಣ್ಣಾ, ಬೆಂಕಿಯ ಮುಂದೆ ನಿಂತವನಿಗೆ ಬೆಂಕಿಯೇ ಬದುಕು ಅನಿಸುತ್ತದೆ. ಬಿಟ್ಟು ಬಂದ ಮೇಲಲ್ಲವೇ ತಿಳಿಯುವುದು, ಹೊರಗೆ ಗಾಳಿ ಉಂಟೆಂದು?”

ಕಾರ್ತಿಕೇಯ ಎದ್ದು ಅವನನ್ನು ಅಪ್ಪಿಕೊಂಡ. ವಸಂತಿ ಕಣ್ಣೊರೆಸಿಕೊಂಡಳು. ಯಾರೂ ಸೋಲಲಿಲ್ಲ. ಜಯಾನಂದ ಮಂಗಳ ಹಾಡಿ, ಹಗುರಾಗಿ ಕೆಳಗಿಳಿದ.

ಸಂಜೆಯ ಗಿರಾಕಿಗಳು ಆಗಲೇ ಬಾಗಿಲಲ್ಲಿದ್ದರು. ಕಾವಲಿ ತಣ್ಣಗಿತ್ತು. ಇಂದುಶೇಖರ ಸೊಂಟಕ್ಕೆ ಸುತ್ತಿದ್ದ ಅಡುಗೆ ಬಟ್ಟೆ ಬಿಚ್ಚಿಟ್ಟು, ದೋಸೆ ಸಟ್ಟುಗವನ್ನು ಧಣಿಯ ಕೈಯಲ್ಲಿಟ್ಟ.

“ಗುರುಗ್ರಾಮಕ್ಕಾ?” ಜಯಾನಂದ ಸಟ್ಟುಗ ಹಿಡಿದೇ ಕೇಳಿದ.

“ಅಲ್ಲ ಧಣಿ. ಹರಿದ್ವಾರಕ್ಕೆ. ಸಾಹೇಬ್ರೂ ಬರ್ತಾರೆ, ಅವರದೇ ಕಾರು. ಇನ್ನು ನೌಕರಿ ಸಾಕು ಅಂದ್ರು.”

ಹೊರಗೆ ಹಾರ್ನ್ ಕೇಳಿಸಿತು. ಮಹಡಿಯಿಂದ ವಸಂತಿ, ಅಣ್ಣ ಎಲ್ಲಿ ಎಂದು ಕೂಗುತ್ತಿದ್ದಳು.

“ಇವತ್ತೊಂದು ರಾತ್ರಿ ನಿಲ್ಲು ಮಾರಾಯ. ಅವರನ್ನೂ ನಿಲ್ಲಿಸು.”

“ಕಾಡಿಗೆ ಕಳಿಸಿದವರು ನೀವೇ ಅಲ್ವಾ ಧಣಿ? ಆಗುವುದಿಲ್ಲ.”